ಕೆರೆಯ ಕೆಸರು ಮರೆಯುವುದಿಲ್ಲ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಬಾವಿಯ ಕೆಸರು ತೆಗೆಸಿದೆವು. ನೀರು ತಳ ಕಂಡಿತ್ತು. ಆಳುಗಳು ಕೆಳಗಿಳಿದು ಬುಟ್ಟಿಗೆ ಕೆಸರು ತುಂಬಿಸಿ ಮೇಲೆ ಕಳಿಸುತ್ತಿದ್ದರು. ಮೊದಲು ಬಂದ ಬುಟ್ಟಿಗಳಲ್ಲಿ ಶ್ಯಾಂಪೂ ಪೊಟ್ಟಣಗಳು, ಬಿಸ್ಕತ್ತಿನ ಕವರು, ಮಕ್ಕಳ ಪ್ಲಾಸ್ಟಿಕ್ ಚೆಂಡು. ಸ್ವಲ್ಪ ಆಳಕ್ಕೆ ಹೋದಾಗ ಅಲ್ಯೂಮಿನಿಯಂ ಲೋಟ, ತುಕ್ಕು ಹಿಡಿದ ಕಬ್ಬಿಣದ ತುಂಡು. ಇನ್ನೂ ಕೆಳಗೆ ಪ್ಲಾಸ್ಟಿಕ್‌ನ ಸುಳಿವೇ ಇರಲಿಲ್ಲ. ಬರೇ ಕೊಳೆತ ಎಲೆ, ಕಪ್ಪು ಮಣ್ಣು. ಕೊನೆಗೆ ಒಂದು ತಾಮ್ರದ ಚೆಂಬು ಬಂತು.

ಉಮ್ಮ ಅದನ್ನು ಹುಣಸೆ ಹುಳಿ ಹಾಕಿ ತಿಕ್ಕಿ ನೋಡಿದರು. ಮುಖದಲ್ಲಿ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಇದು ನನ್ನ ಅತ್ತೆಯ ಚೆಂಬು. ನಾನು ಮದುವೆಯಾಗಿ ಬಂದ ವರ್ಷ ಕೈಜಾರಿ ಬಿದ್ದದ್ದು. ಹೇಳಲು ಹೆದರಿಕೆಯಾಗಿ ಸುಮ್ಮನಿದ್ದೆ. ಪಾಪ, ಅವರು ಎಷ್ಟು ಹುಡುಕಿದ್ದರು!" ಎಂದರು. ಸುಮಾರು ಐವತ್ತು ವರ್ಷ ಬಾವಿಯ ಕೆಸರು ಆ ಗುಟ್ಟನ್ನು ಕಾಪಾಡಿಕೊಂಡು ಬಂದು ಈಗ ಎಲ್ಲರ ಮುಂದೆ ಇಟ್ಟಿತ್ತು.

ಕೆಸರು ಎಂದರೆ ನಮಗೆ ತಾತ್ಸಾರ. ಕಾಲಿಗೆ ಅಂಟಿದರೆ ತೊಳೆದು ಬಿಡುತ್ತೇವೆ. ಆದರೆ ಜಗತ್ತಿನ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಕೆರೆ, ಸರೋವರಗಳ ತಳದ ಕೆಸರನ್ನೇ ಓದುವ ವಿಜ್ಞಾನಿಗಳಿದ್ದಾರೆ. ಹೌದು, ಓದುವುದೇ. ಪುಸ್ತಕದ ಹಾಳೆ ತಿರುವಿದಂತೆ ಅವರು ಕೆಸರಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಯಾವ ಕಾಲದಲ್ಲಿ ಮನುಷ್ಯ ಗಾಳಿಗೆ, ನೀರಿಗೆ ಏನನ್ನು ಸುರಿದ ಎಂದು ಹೇಳುತ್ತಾರೆ.

ವರ್ಷಕ್ಕೊಂದು ತೆಳು ಪದರ

ಕೆರೆಯ ಮೇಲೆ ದಿನಾಲೂ ಏನಾದರೊಂದು ಬೀಳುತ್ತಿರುತ್ತದೆ. ಮಳೆನೀರಿನೊಂದಿಗೆ ಬಂದ ಮಣ್ಣು, ಗಾಳಿಯಲ್ಲಿ ಹಾರಿ ಬಂದ ಹೂವಿನ ಪರಾಗ, ಹೊಗೆಯ ಮಸಿ, ಕಾರ್ಖಾನೆಯ ಧೂಳು, ಸತ್ತ ಪಾಚಿ, ಮೀನಿನ ಹುರುಪೆ. ಇವೆಲ್ಲ ನಿಧಾನವಾಗಿ ತಳ ಸೇರುತ್ತವೆ. ಈ ವರ್ಷದ್ದರ ಮೇಲೆ ಮುಂದಿನ ವರ್ಷದ್ದು ಕೂರುತ್ತದೆ. ಅನೇಕ ಸರೋವರಗಳಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರಿಗಿಂತ ಹೆಚ್ಚು ಕೆಸರು ಸೇರುವುದಿಲ್ಲ. ಹಾಗಾಗಿ ಒಂದು ಮೊಳದಷ್ಟು ಕೆಸರಿನಲ್ಲಿ ನೂರಾರು ವರ್ಷಗಳ ಕಥೆ ಅಡಗಿರಬಹುದು.

ಇದನ್ನು ಹೊರತೆಗೆಯುವ ವಿಧಾನ ಸರಳ. ಉದ್ದನೆಯ ಪಾರದರ್ಶಕ ಕೊಳವೆಯನ್ನು ದೋಣಿಯಿಂದ ತಳಕ್ಕೆ ಇಳಿಸಿ ಕೆಸರಿನೊಳಗೆ ನೆಟ್ಟಗೆ ಒತ್ತುತ್ತಾರೆ. ಬಾಯಿ ಮುಚ್ಚಿ ಮೇಲೆತ್ತಿದಾಗ ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಪುಟ್ಟಿನಂತೆ ಕೆಸರು ಪದರ ಕೆಡದೆ ಬರುತ್ತದೆ. ಚಳಿಯ ದೇಶಗಳಲ್ಲಿ ಕೆರೆ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಮೇಲೆಯೇ ನಿಂತು, ತೂತು ಕೊರೆದು ಈ ಕೆಲಸ ಮಾಡುತ್ತಾರೆ. ಬಳಿಕ ಅದನ್ನು ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ.

ಯಾವ ಪದರ ಯಾವ ವರ್ಷದ್ದು ಎಂದು ತಿಳಿಯುವುದು ಹೇಗೆ? ಅದಕ್ಕೂ ಅಲ್ಲಾಹನು ಪ್ರಕೃತಿಯಲ್ಲೇ ಗಡಿಯಾರಗಳನ್ನು ಇಟ್ಟಿದ್ದಾನೆ. ಸೀಸ-210 ಎಂಬ ವಿಕಿರಣಶೀಲ ಸೀಸ ಗಾಳಿಯಿಂದ ಸಹಜವಾಗಿಯೇ ಕೆರೆಗೆ ಬೀಳುತ್ತದೆ. ಸುಮಾರು 22 ವರ್ಷಗಳಿಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಒಂದು ಪದರದಲ್ಲಿ ಅದು ಎಷ್ಟು ಉಳಿದಿದೆ ಎಂದು ಅಳೆದರೆ ಕಳೆದ ನೂರು, ನೂರೈವತ್ತು ವರ್ಷಗಳ ಲೆಕ್ಕ ಸಿಗುತ್ತದೆ. ಮನುಷ್ಯ ತಾನೇ ಬಿಟ್ಟುಹೋದ ಒಂದು ಗುರುತೂ ಇದೆ. ಬಲಾಢ್ಯ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದ ಕಾಲದಲ್ಲಿ ಸೀಸಿಯಂ-137 ಎಂಬ ವಿಕಿರಣ ವಸ್ತು ಲೋಕವಿಡೀ ಹರಡಿತು. 1963ರ ಸುಮಾರಿಗೆ ಅದು ಉತ್ತುಂಗಕ್ಕೇರಿತ್ತು. ಅದೇ ವರ್ಷ ಅಂತಹ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಯಿತು. ಕೆಸರಿನಲ್ಲಿ ಸೀಸಿಯಂ ಅತಿ ಹೆಚ್ಚಿರುವ ಪದರ ಕಂಡರೆ ಸಾಕು, 1963ರ ಸುತ್ತಲಿನ ಪುಟ ತೆರೆದುಕೊಂಡಿದೆ ಎಂದೇ ಅರ್ಥ. ಯುರೋಪಿನ ಅನೇಕ ಕೆರೆಗಳಲ್ಲಿ ಅದರ ಮೇಲೆ ಇನ್ನೊಂದು ಗುರುತಿದೆ. ಅದು 1986ರ ಚೆರ್ನೋಬಿಲ್ ದುರಂತದ್ದು.

ಕೆಸರಿನ ಸಾಕ್ಷ್ಯವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಲವು ಕೆರೆಗಳಲ್ಲಿ ಹುಳುಗಳು ಪದರಗಳನ್ನು ಕಲಸಿಬಿಡುತ್ತವೆ. ನೆರೆ ಬಂದರೆ ಒಂದೇ ದಿನದಲ್ಲಿ ದಪ್ಪ ಮಣ್ಣು ಕೂರುತ್ತದೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಕಡೆಯಿಂದ ಕೆಸರು ತೆಗೆದು, ಒಂದು ಗುರುತನ್ನು ಇನ್ನೊಂದರೊಂದಿಗೆ ಹೋಲಿಸುತ್ತಾರೆ. ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸ್ವೀಕರಿಸುವ ಮುನ್ನ ಅದರ ವರದಿಗಾರರ ಸರಪಣಿಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡುವುದು ನನಗೆ ಇಲ್ಲಿ ನೆನಪಾಗುತ್ತದೆ.

ಸ್ವೀಡನ್ನಿನ ಕೆರೆಯಲ್ಲಿ ರೋಮಿನ ಸೀಸ

1994ರಲ್ಲಿ ಸ್ವೀಡನ್ನಿನ ಇಂಗೆಮಾರ್ ರೆನ್‌ಬರ್ಗ್ ಮತ್ತು ಸಂಗಡಿಗರು ತಮ್ಮ ದೇಶದ ಸರೋವರಗಳ ಕೆಸರಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರು ಹುಡುಕಿದ್ದು ಸೀಸವನ್ನು. ಕಾರ್ಖಾನೆ, ಮೋಟಾರುಗಳ ಕಾಲದಲ್ಲಿ ಸೀಸ ಹೆಚ್ಚಿದ್ದು ಕಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅವರು ಕಂಡದ್ದು ಬೇರೆ. ಸುಮಾರು 2000 ವರ್ಷಗಳ ಹಿಂದಿನ ಪದರದಲ್ಲೇ ಸೀಸದ ಪ್ರಮಾಣ ಸಹಜಕ್ಕಿಂತ ಹೆಚ್ಚಿತ್ತು!

ಆ ಕಾಲದಲ್ಲಿ ಸ್ವೀಡನ್ನಿನಲ್ಲಿ ಅಂತಹ ಕೈಗಾರಿಕೆ ಇರಲಿಲ್ಲ. ಅದು ರೋಮ್ ಸಾಮ್ರಾಜ್ಯದೊಳಗೂ ಇರಲಿಲ್ಲ. ಹಾಗಾದರೆ ಸೀಸ ಬಂದದ್ದೆಲ್ಲಿಂದ? ಉತ್ತರ ಗಾಳಿಯಲ್ಲಿತ್ತು. ರೋಮನ್ನರು ಬೆಳ್ಳಿಗಾಗಿ ಸೀಸದ ಅದಿರನ್ನು ಅಪಾರ ಪ್ರಮಾಣದಲ್ಲಿ ಕರಗಿಸುತ್ತಿದ್ದರು. ನೀರಿನ ಕೊಳವೆಗಳಿಗೂ ಸೀಸ ಬಳಸುತ್ತಿದ್ದರು. ಆ ಕುಲುಮೆಗಳ ಹೊಗೆ ಬಹುದೂರ ಸಾಗಿ ಉತ್ತರದ ಕಾಡುಗಳ ನಡುವಿನ ಕೆರೆಗಳಿಗೆ ಇಳಿದಿತ್ತು. ಸ್ವೀಡನ್ನಿನ ಬಂಡೆಗಳ ಸೀಸಕ್ಕೂ ಹೊರಗಿನ ಗಣಿಗಳ ಸೀಸಕ್ಕೂ ರಚನೆಯಲ್ಲೇ ವ್ಯತ್ಯಾಸವಿರುವುದರಿಂದ ಇದು ಹೊರಗಿನಿಂದ ಬಂದದ್ದೆಂದು ಗುರುತಿಸಲು ಸಾಧ್ಯವಾಯಿತು.

ರೋಮ್ ಕುಸಿದ ಬಳಿಕದ ಪದರಗಳಲ್ಲಿ ಸೀಸ ಇಳಿಯುತ್ತದೆ. ಕ್ರಿ.ಶ. 1000ದ ನಂತರ ಯುರೋಪಿನ ಗಣಿಗಳು ಚುರುಕಾದಂತೆ ಪುನಃ ಏರುತ್ತದೆ. ಕೈಗಾರಿಕಾ ಕ್ರಾಂತಿಯೊಂದಿಗೆ ಇನ್ನೂ ಮೇಲೇರಿ, 1970ರ ದಶಕದಲ್ಲಿ ತುತ್ತತುದಿ ಮುಟ್ಟುತ್ತದೆ. ಈ ಕೊನೆಯ ಏರಿಕೆಯಲ್ಲಿ ದೊಡ್ಡ ಪಾಲು ಪೆಟ್ರೋಲಿನದ್ದು.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬ ಇಂಜಿನಿಯರ್, ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಇಂಜಿನ್ನಿನ ಬಡಿತದ ಸದ್ದು ನಿಲ್ಲುತ್ತದೆಂದು ಕಂಡುಹಿಡಿದ. 1923ರಿಂದ ಅದು ಮಾರಾಟಕ್ಕೆ ಬಂತು. ಮರುವರ್ಷವೇ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಆದರೂ ವ್ಯಾಪಾರ ನಿಲ್ಲಲಿಲ್ಲ. ಜಗತ್ತಿನ ಮೋಟಾರುಗಳೆಲ್ಲ ದಶಕಗಳ ಕಾಲ ಸೀಸದ ಹೊಗೆ ಉಗುಳಿದವು. ಆ ಹೊಗೆಯನ್ನು ಉಸಿರಾಡಿದ್ದು ನಮ್ಮ ನಿಮ್ಮ ಮಕ್ಕಳೇ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಕಲಿಕೆ ಹಿಂದೆ ಬೀಳುತ್ತದೆ, ಮನಸ್ಸು ಚಂಚಲವಾಗುತ್ತದೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎನ್ನುವ ಯಾವ ಮಟ್ಟವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್‌ರಂತಹವರು 1960ರ ದಶಕದಿಂದಲೇ ಇದರ ವಿರುದ್ಧ ದನಿಯೆತ್ತಿದರು. ಒಂದೊಂದೇ ದೇಶ ಸೀಸದ ಪೆಟ್ರೋಲನ್ನು ಕೈಬಿಟ್ಟಿತು. ಭಾರತದಲ್ಲಿ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಕೊನೆಯದಾಗಿ 2021ರಲ್ಲಿ ಅಲ್ಜೀರಿಯವೂ ಮೋಟಾರುಗಳಿಗೆ ಅದರ ಮಾರಾಟ ನಿಲ್ಲಿಸಿತು.

ಕೆಸರು ಇದನ್ನೂ ಬರೆದಿಟ್ಟಿತು! ಸ್ವೀಡನ್ನಿನ ಕೆರೆಗಳಲ್ಲಿ 1970ರ ದಶಕದ ನಂತರದ ಪದರಗಳಲ್ಲಿ ಸೀಸ ಗಣನೀಯವಾಗಿ ಇಳಿದಿದೆ. ಮನುಷ್ಯ ಕೆಡುಕನ್ನು ನಿಲ್ಲಿಸಿದಾಗ ಮುಂದಿನ ಪುಟ ಶುಭ್ರವಾಗುತ್ತದೆ. ಆದರೆ ಹಳೆಯ ಪುಟ ಅಳಿಯುವುದಿಲ್ಲ. ಅದು ಕೆಳಗೆ ಹಾಗೆಯೇ ಇರುತ್ತದೆ.

ಮೀನುಗಳು ಮಾಯವಾದದ್ದೇಕೆ?

ಕೆಸರು ನ್ಯಾಯತೀರ್ಮಾನಕ್ಕೂ ನೆರವಾದದ್ದಿದೆ. 1970ರ ದಶಕದಲ್ಲಿ ಸ್ಕಾಂಡಿನೇವಿಯಾದ ಮತ್ತು ಸ್ಕಾಟ್‌ಲೆಂಡಿನ ಬೆಟ್ಟದ ಸರೋವರಗಳಲ್ಲಿ ಮೀನುಗಳು ಕಡಿಮೆಯಾದದ್ದು ದೊಡ್ಡ ಚರ್ಚೆಯಾಯಿತು. ನೀರು ಆಮ್ಲೀಯವಾಗಿತ್ತು. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆ ಮಳೆಯೊಂದಿಗೆ ಬೆರೆತು ಆಮ್ಲಮಳೆಯಾಗಿ ಬೀಳುತ್ತಿದೆ ಎಂದು ಒಂದು ಕಡೆಯವರು ಹೇಳಿದರು. ಇಲ್ಲ, ಅಲ್ಲಿನ ಮಣ್ಣೇ ಹಾಗೆ, ಹುಲ್ಲುಗಾವಲು ಮತ್ತು ಕಾಡಿನಲ್ಲಾದ ಬದಲಾವಣೆಯಿಂದ ಹೀಗಾಗಿದೆ ಎಂದು ಇನ್ನೊಂದು ಕಡೆಯವರು ವಾದಿಸಿದರು. ನೂರು ವರ್ಷಗಳ ಹಿಂದೆ ಆ ನೀರು ಹೇಗಿತ್ತೆಂದು ಯಾರೂ ಅಳೆದಿರಲಿಲ್ಲ. ಸಾಕ್ಷಿ ಹೇಳುವವರಾರು?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಿಕ್ ಬ್ಯಾಟರ್‌ಬಿ ಮತ್ತು ಸಹೋದ್ಯೋಗಿಗಳು ಸ್ಕಾಟ್‌ಲೆಂಡಿನ ರೌಂಡ್ ಲಾಕ್ ಆಫ್ ಗ್ಲೆನ್‌ಹೆಡ್ ಎಂಬ ಪುಟ್ಟ ಸರೋವರದ ಕೆಸರನ್ನು ಪರೀಕ್ಷಿಸಿದರು. ಕೆಸರಿನಲ್ಲಿ ಡಯಾಟಂ ಎಂಬ ಬರಿಗಣ್ಣಿಗೆ ಕಾಣದ ಪಾಚಿಗಳ ಚಿಪ್ಪುಗಳಿರುತ್ತವೆ. ಗಾಜಿನಂತಹ ಆ ಚಿಪ್ಪುಗಳು ಸಾವಿರಾರು ವರ್ಷ ಕೊಳೆಯದೆ ಉಳಿಯಬಲ್ಲವು. ಒಂದೊಂದು ಜಾತಿಯ ಚಿಪ್ಪಿನ ಮೇಲೂ ಬೇರೆ ಬೇರೆ ಚಿತ್ತಾರ. ಕೆಲವಕ್ಕೆ ಆಮ್ಲ ಕಡಿಮೆ ಇರುವ ನೀರು ಇಷ್ಟ, ಕೆಲವಕ್ಕೆ ಹೆಚ್ಚಿರುವ ನೀರು. ಯಾವ ಪದರದಲ್ಲಿ ಯಾವ ಚಿಪ್ಪು ಹೆಚ್ಚಿದೆ ಎಂದು ಎಣಿಸಿದರೆ ಆಗಿನ ನೀರಿನ ಗುಣ ತಿಳಿಯುತ್ತದೆ.

ಫಲಿತಾಂಶ ಸ್ಪಷ್ಟವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಆ ನೀರು ಬಹುಮಟ್ಟಿಗೆ ಒಂದೇ ತೆರನಾಗಿತ್ತು. ಆಮೇಲೆ ಆಮ್ಲ ಸಹಿಸುವ ಜಾತಿಗಳು ಏರುತ್ತಾ ಹೋದವು. ಕಲ್ಲಿದ್ದಲಿನ ಮಸಿ ಮತ್ತು ಲೋಹಗಳು ಹೆಚ್ಚಿದ್ದೂ ಈ ಕಾಲದ ಪದರಗಳಲ್ಲೇ. ಆ ಸರೋವರದ ಸುತ್ತ ಕಾಡು ನೆಟ್ಟಿರಲಿಲ್ಲವಾದ್ದರಿಂದ ಕಾಡಿನ ಮೇಲೆ ಆರೋಪ ಹೊರಿಸುವಂತೆಯೂ ಇರಲಿಲ್ಲ. ಇಂತಹ ಸಾಕ್ಷ್ಯಗಳ ಮುಂದೆ ವಾದ ನಿಲ್ಲಲಿಲ್ಲ. 1980ರ ದಶಕದಿಂದೀಚೆಗೆ ಯುರೋಪಿನಲ್ಲಿ ಗಂಧಕದ ಹೊಗೆಗೆ ಕಡಿವಾಣ ಬಿತ್ತು. ಈಗ ಆ ಸರೋವರಗಳ ನೀರು ಮೆಲ್ಲಮೆಲ್ಲನೆ ಸುಧಾರಿಸುತ್ತಿದೆ. ಪೂರ್ತಿ ಮೊದಲಿನಂತಾಗಿಲ್ಲ. ಕೆಡಿಸಿದಷ್ಟು ಬೇಗ ಸರಿಪಡಿಸಲು ಆಗುವುದಿಲ್ಲ ತಾನೇ?

ಕೆನಡಾದ ಕ್ರಾಫರ್ಡ್ ಸರೋವರದ ಕಥೆಯೂ ಕುತೂಹಲಕರ. ಅದು ಚಿಕ್ಕದಾದರೂ ತುಂಬ ಆಳ. ತಳದ ಕೆಸರು ಕದಡದ ಕಾರಣ ಬೇಸಿಗೆಗೊಂದು ಬಿಳಿ ಗೆರೆ, ಚಳಿಗಾಲಕ್ಕೊಂದು ಕಪ್ಪು ಗೆರೆಯಂತೆ ವರ್ಷಗಳನ್ನು ಎಣಿಸಬಹುದು. 1970ರ ದಶಕದಲ್ಲಿ ಅದರ ಕೆಸರಿನಲ್ಲಿ ಮೆಕ್ಕೆಜೋಳದ ಪರಾಗ ಸಿಕ್ಕಿತು. ಮೆಕ್ಕೆಜೋಳ ಬಿತ್ತದೆ ಬೆಳೆಯುವ ಗಿಡವಲ್ಲ. ಹಾಗಾದರೆ ಹತ್ತಿರದಲ್ಲಿ ಜನ ವಾಸವಿದ್ದಿರಬೇಕೆಂದು ಹುಡುಕಿದಾಗ, ಯುರೋಪಿಯನ್ನರು ಬರುವ ಮುಂಚಿನ ಮೂಲನಿವಾಸಿಗಳ ಹಳ್ಳಿಯ ಅವಶೇಷಗಳೇ ಪತ್ತೆಯಾದವು! ಮನುಷ್ಯ ಭೂಮಿಯನ್ನೇ ಬದಲಿಸಿದ ಹೊಸ ಯುಗ ಆರಂಭವಾದದ್ದಕ್ಕೆ ಇದೇ ಸರೋವರದ ಕೆಸರನ್ನು ಗುರುತಾಗಿ ಇಟ್ಟುಕೊಳ್ಳಬೇಕೆಂದು 2023ರಲ್ಲಿ ವಿಜ್ಞಾನಿಗಳ ಒಂದು ತಂಡ ಸೂಚಿಸಿತು. 2024ರಲ್ಲಿ ಭೂವಿಜ್ಞಾನಿಗಳ ಸಮಿತಿ ಆ ಯುಗವನ್ನು ಅಧಿಕೃತವಾಗಿ ಒಪ್ಪಲಿಲ್ಲ. ಆದರೆ ಕೆಸರಿನಲ್ಲಿರುವ ಅಣುಬಾಂಬಿನ ಪ್ಲುಟೋನಿಯಂ ಮತ್ತು ಕಲ್ಲಿದ್ದಲಿನ ಬೂದಿಯನ್ನು ಯಾರೂ ಅಲ್ಲಗಳೆದಿಲ್ಲ.

ನಮ್ಮ ಕೆರೆಗಳ ಕೆಸರು

ಇದೆಲ್ಲ ದೂರದ ದೇಶಗಳ ಮಾತಾಯಿತು. ನಮ್ಮ ನೆರೆಯ ಕೊಡೈಕೆನಾಲನ್ನೇ ನೋಡಿ. ಅಲ್ಲಿ ಅಮೆರಿಕದಿಂದ ತಂದು ಸ್ಥಾಪಿಸಿದ ಥರ್ಮಾಮೀಟರ್ ಕಾರ್ಖಾನೆಯಿತ್ತು. ಪಾದರಸ ಮೆತ್ತಿದ ಗಾಜಿನ ಚೂರುಗಳು ಗುಜರಿ ಅಂಗಡಿಯಲ್ಲಿ ಸಿಕ್ಕಿದ ಬಳಿಕ 2001ರಲ್ಲಿ ಅದು ಮುಚ್ಚಿತು. ಆದರೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಡೈ ಸರೋವರದ ನೀರಿನಲ್ಲೂ, ಕೆಸರಿನಲ್ಲೂ, ಮೀನಿನಲ್ಲೂ ಪಾದರಸವನ್ನು ಕಂಡಿತು. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಇನ್ನಷ್ಟು ವಿಷಕಾರಿ ರೂಪಕ್ಕೆ ಬದಲಿಸುತ್ತವೆ. ಅದು ಮೀನಿನ ಮಾಂಸದಲ್ಲಿ ಸೇರಿ, ತಿಂದವರ ದೇಹಕ್ಕೆ ಬರುತ್ತದೆ. ಗರ್ಭದಲ್ಲಿರುವ ಮಗುವಿಗೆ ಅದರಿಂದ ಅಪಾಯ ಹೆಚ್ಚು.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2015, 2017 ಮತ್ತು 2018ರಲ್ಲಿ ಕೆರೆಗೇ ಬೆಂಕಿ ಬಿದ್ದದ್ದನ್ನೂ ನಾವೆಲ್ಲ ನೋಡಿದ್ದೇವೆ, ಓದಿದ್ದೇವೆ. ಆ ಕೆರೆಯ ನೀರು ಹಾಯಿಸಿದ ಹೊಲದ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹಗಳಿರುವುದನ್ನು 2006ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಬೆಂಕಿ ಆರಿತು, ನೊರೆ ಕರಗಿತು. ಕೆಸರಿಗೆ ಸೇರಿದ ಲೋಹ ಮಾತ್ರ ತಾನಾಗಿ ಎಲ್ಲಿಗೂ ಹೋಗುವುದಿಲ್ಲ.

ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುವುದು ನಮ್ಮ ರೈತರ ಹಳೆಯ ಪದ್ಧತಿ. ಹಳ್ಳಿಯ ಶುದ್ಧ ಕೆರೆಯಾದರೆ ಅದು ಒಳ್ಳೆಯ ಗೊಬ್ಬರವೇ. ಆದರೆ ಚರಂಡಿ ಮತ್ತು ಕಾರ್ಖಾನೆಯ ನೀರು ಕುಡಿದ ಕೆರೆಯ ಹೂಳನ್ನು ಪರೀಕ್ಷಿಸದೆ ಹೊಲಕ್ಕೆ ಹಾಕಿದರೆ, ಹೂತುಹೋಗಿದ್ದ ವಿಷವನ್ನು ನಾವೇ ಎತ್ತಿ ತಟ್ಟೆಗೆ ಬಡಿಸಿದಂತಾಗುತ್ತದೆ.

ಸೀಸ ಮನೆಯೊಳಗೂ ಇದೆ

ಪೆಟ್ರೋಲಿನ ಸೀಸ ಹೋಯಿತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಜಗತ್ತಿನ ಸುಮಾರು ಮೂರನೇ ಒಂದರಷ್ಟು ಮಕ್ಕಳ, ಅಂದರೆ 80 ಕೋಟಿಯವರೆಗಿನ ಮಕ್ಕಳ ರಕ್ತದಲ್ಲಿ ಆತಂಕಕಾರಿ ಮಟ್ಟದ ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ವರದಿ ಮಾಡಿತು. ಅವರಲ್ಲಿ ಅತಿ ಹೆಚ್ಚಿನವರು ಭಾರತದ ಮಕ್ಕಳು. ಹಳೆಯ ಬ್ಯಾಟರಿಗಳನ್ನು ಮನೆಗಳ ನಡುವೆಯೇ ಒಡೆದು ಕರಗಿಸುವುದು ಇದಕ್ಕೊಂದು ದೊಡ್ಡ ಕಾರಣ. ಗೋಡೆ, ಕಿಟಕಿಗಳ ಹಳೆಯ ಬಣ್ಣ ಇನ್ನೊಂದು. ಭಾರತದಲ್ಲಿ 2017ರ ನವೆಂಬರ್‌ನಿಂದ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮ ಜಾರಿಯಾಗಿದೆ. ಅದಕ್ಕಿಂತ ಹಿಂದಿನ ಬಣ್ಣ ಎದ್ದು ಉದುರುತ್ತಿದ್ದರೆ ತೆವಳುವ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅದು ಸುರ್ಮಾ. ಪ್ರವಾದಿ(ಸ)ರು ಇಸ್ಮಿದ್ ಎಂಬ ಸುರ್ಮಾವನ್ನು ಮೆಚ್ಚಿದ್ದರೆಂದು ಹದೀಸ್‌ಗಳಿಂದ ತಿಳಿಯುತ್ತದೆ. ಇಸ್ಮಿದ್ ಎಂದರೆ ಆಂಟಿಮನಿಯ ಕಲ್ಲು ಎಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಆದರೆ ಇಂದು ಅಂಗಡಿಗಳಲ್ಲಿ ಸಿಗುವ ಹಲವು ಸುರ್ಮಾಗಳು ಗೆಲೆನಾ ಎಂಬ ಕಪ್ಪು ಅದಿರಿನ ಪುಡಿ. ಗೆಲೆನಾ ಎಂದರೆ ಸೀಸದ ಅದಿರು. ರೋಮನ್ನರು ಕುಲುಮೆಯಲ್ಲಿ ಕರಗಿಸಿದ್ದೂ ಇದನ್ನೇ! ಮಗು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತದೆ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಗುವಿನ ದೇಹ ಹೀರಿಕೊಳ್ಳಬಲ್ಲದು. ತನಗಾಗಲಿ ಇತರರಿಗಾಗಲಿ ಹಾನಿ ಮಾಡಬಾರದೆಂಬುದು ಶರೀಅತ್‌ನ ಪ್ರಸಿದ್ಧ ತತ್ವ. ಆದ್ದರಿಂದ ಒಳಗೆ ಏನಿದೆಯೆಂದು ತಿಳಿಯದ ಸುರ್ಮಾವನ್ನು ಹಸುಗೂಸಿನ ಕಣ್ಣಿಗೆ ಹಚ್ಚದಿರುವುದೇ ಕ್ಷೇಮ. ಇದರಿಂದ ಸುನ್ನತ್‌ಗೆ ಅಗೌರವವಾಗುವುದಿಲ್ಲ. ಮಗುವಿನ ಹಕ್ಕು ಸಂರಕ್ಷಣೆಯಾಗುತ್ತದೆ.

ಮೇಲಿನ ಪದರ ನಮ್ಮದು

ಅಂತ್ಯದಿನದಂದು ಭೂಮಿಯು ತನ್ನ ಸುದ್ದಿಗಳನ್ನು ತಾನೇ ತಿಳಿಸಲಿದೆಯೆಂದೂ, ಅಣುವಿನಷ್ಟು ಒಳಿತಾಗಲಿ ಕೆಡುಕಾಗಲಿ ಮಾಡಿದವನು ಅದನ್ನು ಕಾಣುವನೆಂದೂ ಕುರ್‌ಆನಿನ ಝಿಲ್‌ಝಾಲ್ ಅಧ್ಯಾಯ ನಮ್ಮನ್ನು ಎಚ್ಚರಿಸುತ್ತದೆ. ಆ ದಿನದ ಸಾಕ್ಷ್ಯ ಹೇಗಿರುವುದೆಂದು ಅಲ್ಲಾಹನೇ ಬಲ್ಲ. ವಿಜ್ಞಾನದ ಈ ಶೋಧವೇ ಆ ವಚನದ ಅರ್ಥವೆಂದು ನಾನು ಹೇಳುತ್ತಿಲ್ಲ. ಆದರೆ ಇದೇ ಲೋಕದಲ್ಲಿ, ಇದೇ ಮಣ್ಣು, ರೋಮನ್ನರ ಹೊಗೆಯನ್ನು ಎರಡು ಸಾವಿರ ವರ್ಷಗಳ ಬಳಿಕವೂ ತೋರಿಸುತ್ತಿರುವಾಗ, ನಮ್ಮ ಕೃತ್ಯಗಳು ಎಲ್ಲೋ ಕರಗಿ ಹೋಗುತ್ತವೆಂದು ಭಾವಿಸಲು ಸಾಧ್ಯವೇ?

ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ)ರು ವಿರೋಧಿಸಿದ್ದರು. ಶುಚಿತ್ವದ ಪಾಠದಲ್ಲಿ ನಾವು ಮದ್ರಸದ ಮಕ್ಕಳಿಗೆ ಇದನ್ನು ಕಲಿಸುತ್ತೇವೆ. ಆದರೆ ಇಡೀ ಊರಿನ ಚರಂಡಿಯನ್ನು ಕೆರೆಗೆ ತಿರುಗಿಸಿದಾಗ ಆ ಹದೀಸ್ ನಮಗೆ ನೆನಪಾಗುವುದಿಲ್ಲ!

ತೌಬಾಕ್ಕೆ ವಿದ್ವಾಂಸರು ಶರ್ತಗಳನ್ನು ಹೇಳಿದ್ದಾರೆ. ತಪ್ಪನ್ನು ನಿಲ್ಲಿಸಬೇಕು, ಪಶ್ಚಾತ್ತಾಪ ಪಡಬೇಕು, ಮರಳಿ ಮಾಡುವುದಿಲ್ಲವೆಂದು ನಿರ್ಧರಿಸಬೇಕು. ಇನ್ನೊಬ್ಬರ ಹಕ್ಕು ಕಸಿದಿದ್ದರೆ ಅದನ್ನು ಮರಳಿಸಬೇಕು. ಕೆರೆಯ ವಿಷಯವೂ ಹಾಗೆಯೇ. ನಿಲ್ಲಿಸಿದರೆ ಮೇಲಿನ ಪದರ ಶುಭ್ರವಾಗುತ್ತದೆ. ಇದಕ್ಕೆ ಸ್ವೀಡನ್ನಿನ ಕೆಸರು ಸಾಕ್ಷಿ. ಆದರೆ ನಿಲ್ಲಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಇದಕ್ಕೆ ಕೊಡೈಕೆನಾಲಿನ ಕೆಸರು ಸಾಕ್ಷಿ. ಕೆಡಿಸಿದ್ದನ್ನು ತೆಗೆದು ಶುದ್ಧಗೊಳಿಸುವ ಹೊಣೆಯೂ ಕೆಡಿಸಿದವರದ್ದೇ.

ಸಹೋದರಿಯರೇ, ಕಾರ್ಖಾನೆ ಮುಚ್ಚಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಮುಗಿದ ಬ್ಯಾಟರಿ, ಒಡೆದ ಥರ್ಮಾಮೀಟರ್, ಉಳಿದ ಬಣ್ಣದ ಡಬ್ಬ ನಮ್ಮ ಮನೆಯಿಂದ ತೋಡಿಗೆ ಹೋಗದಂತೆ ತಡೆಯುವುದು ನಮ್ಮ ಕೈಯಲ್ಲಿದೆ. ಊರಿನ ಕೆರೆಯ ಹೂಳೆತ್ತುವಾಗ "ಇದನ್ನು ಪರೀಕ್ಷೆ ಮಾಡಿಸಿದ್ದೀರಾ?" ಎಂದು ಗ್ರಾಮಸಭೆಯಲ್ಲಿ ಕೇಳುವುದು ನಮ್ಮ ಹಕ್ಕು. ಇಂದು ಕೆರೆಯ ತಳದಲ್ಲಿ ಕೂರುತ್ತಿರುವುದು ನಮ್ಮ ಕಾಲದ ಪದರ. ನಾಳೆ ನಮ್ಮ ಮೊಮ್ಮಕ್ಕಳು ಅದನ್ನು ಓದುತ್ತಾರೆ.

ಉಮ್ಮ ಆ ಚೆಂಬಿಗೆ ಕಲಾಯಿ ಹಾಕಿಸಿ ಮನೆಯಲ್ಲಿಟ್ಟಿದ್ದಾರೆ. ಅದನ್ನು ಕಂಡಾಗಲೆಲ್ಲ ತಮ್ಮ ಅತ್ತೆಗಾಗಿ ದುಆ ಮಾಡುತ್ತಾರೆ.